ಕೆಂಪು ಡಬ್ಬಿಯ ಎಣ್ಣೆ

ಅಲ್ಲಾಬಕ್ಷ್ ತಮಗೆ ತೀರಾ ಬೇಕಾದ ಮೂವರ ಕಾರುಗಳಿಗೆ ಮಾತ್ರ ಕೆಂಪು ಡಬ್ಬಿಯ ಬ್ರೇಕ್ ಎಣ್ಣೆ ಹಾಕಿದ್ದರು. ಒಂದು, ಅವರ ಹೆಂಡತಿಯ ತಮ್ಮ ಜಮ್ಶೀದನ ಟ್ಯಾಕ್ಸಿ. ಇನ್ನೊಂದು, ಮಗಳು ಇರಂಳ ಬಿಳಿ ಕಾರು. ಮೂರನೆಯದು ನನ್ನದು. ಜಮ್ಶೀದನಿಗೆ ಈಗ ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಇರಂಳ ಕಾರಿನ ಕಥೆ ಮುಂದೆ ಬರುತ್ತದೆ. ನನ್ನ ಕಾರು ಶಿವಮೊಗ್ಗದ ವಿದ್ಯಾನಗರದ ಮನೆಯಿಂದ ತರಕಾರಿ ಅಂಗಡಿಗೆ, ಅಪರೂಪಕ್ಕೆ ಸಪಾಟು ರಸ್ತೆಯಲ್ಲಿ ಅವರ ಗ್ಯಾರೇಜಿಗೆ, ಅಲ್ಲಿಂದ ವಾಪಸು ಮನೆಗೆ, ಇಷ್ಟೇ ಓಡುವುದರಿಂದ ನಾನು ಎರಡೂ ಕಾಲು ಉಳಿಸಿಕೊಂಡು ಇದನ್ನು ಬರೆಯುತ್ತಿದ್ದೇನೆ.

ನಾನು ವೇದಾವತಿ. ಮೂವತ್ತೊಂದು ವರ್ಷ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಹೇಳಿ ನಿವೃತ್ತಳಾದವಳು. ಮೇಡಂಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮಕ್ಕಳು ಹೇಳಿಕೊಳ್ಳುತ್ತಿದ್ದುದು ನನಗೆ ಗೊತ್ತಿತ್ತು. ಸುಳ್ಳೇನಲ್ಲ. ಈಗ ಆ ಸಿಟ್ಟೆಲ್ಲ ನನ್ನ ಮೇಲೆಯೇ ತಿರುಗಿದೆ, ಏಕೆಂದು ನೀವೇ ನೋಡಿ.

ಅಲ್ಲಾಬಕ್ಷ್ ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ತಂದೆ ಕಬ್ಬಿಣ ಕಾಯಿಸುವ ಕೆಲಸದಲ್ಲಿದ್ದರು. ಎಡಗಡೆ ಮನೆಯವರು ತಮಿಳರು, ಬಲಗಡೆಯವರು ತೆಲುಗರು. ಹಾಗಾಗಿ ಅಲ್ಲಾಬಕ್ಷ್ ನಾಲ್ಕು ಭಾಷೆಗಳಲ್ಲಿ ಬೈಯಬಲ್ಲರು. ಕಾದ ಕಬ್ಬಿಣದ ಬಣ್ಣ ನೋಡಿಯೇ ಅದು ಎಷ್ಟು ಬಿಸಿಯಿದೆ ಎಂದು ಹೇಳುವುದನ್ನು ತಂದೆ ಕಲಿಸಿದ್ದರು. ಆ ಕಣ್ಣೇ ಅವರಿಗೆ ಕೆಲಸ ಕೊಡಿಸಿತು. ಚಿಕ್ಕಮಗಳೂರಿನ ಕಡೆ ಕಾಫಿ ತೋಟಗಳ ಮಣ್ಣುರಸ್ತೆಯಲ್ಲಿ ಕಾರ್ ರ‍್ಯಾಲಿ ನಡೆಯುತ್ತಿತ್ತು. ಗೆಳೆಯನೊಬ್ಬನ ಜೊತೆ ನೋಡಲು ಹೋದ ಅಲ್ಲಾಬಕ್ಷ್, ಇಳಿಜಾರು ಇಳಿದು ಬಂದ ಕಾರಿನ ಚಕ್ರದ ಹಿಂದೆ ಕೆಂಡದ ಬಣ್ಣಕ್ಕೆ ತಿರುಗಿದ್ದ ಬ್ರೇಕ್ ಡಿಸ್ಕ್ ನೋಡಿ, "ಇದು ಇನ್ನೊಂದು ಸುತ್ತು ಬರಲ್ಲ, ಬಿರುಕು ಬಿಡುತ್ತೆ" ಎಂದರಂತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ಸುತ್ತಿನಲ್ಲಿ ಡಿಸ್ಕ್ ಬಿರುಕು ಬಿಟ್ಟಿತು. ತಂಡದ ಇಂಜಿನಿಯರ್ ಹುಡುಕಿಕೊಂಡು ಬಂದ. ಅಲ್ಲಿಂದ ಹನ್ನೊಂದು ವರ್ಷ ಅವರು ಆ ತಂಡದ ಬ್ರೇಕ್ ಮೆಕ್ಯಾನಿಕ್ ಆಗಿದ್ದರು.

ಆಮೇಲೆ ಶಿವಮೊಗ್ಗ, ಭದ್ರಾವತಿ ನಡುವಿನ ಮಾಚೇನಹಳ್ಳಿಯಲ್ಲಿ ಸ್ವಂತ ಗ್ಯಾರೇಜು ಹಾಕಿದರು. ಬ್ರೇಕ್ ಕೆಲಸ ಎಂದರೆ ಶಿವಮೊಗ್ಗದಿಂದಲೂ ಭದ್ರಾವತಿಯಿಂದಲೂ ಜನ ಅವರ ಬಳಿಗೇ ಬರುತ್ತಿದ್ದರು. ಕಾರು ರಿಪೇರಿಗೆ ಹೋದರೆ ಅವರ ಭಾಷಣ ಕೇಳಿಯೇ ಬರಬೇಕು.

"ಮೇಡಂ, ಈ ಡಿಸ್ಕ್ ಬ್ರೇಕ್ ನೋಡಿ. ರೇಸಲ್ಲಿ ಹೆಸರು ಮಾಡಿದ್ದು. ಈಗ ಹಾಲು ತರೋರ ಬೈಕಲ್ಲೂ ಇದೆ. ಟರ್ಬೊ? ರೇಸು. ಸ್ಟಿಯರಿಂಗ್ ಹಿಂದೆ ಗೇರ್ ಹಾಕೋದು ಬಂದಿದೆಯಲ್ಲ, ಅದೂ ರೇಸು. ನೀವು ಹಿಂದೆ ನೋಡೋ ಕನ್ನಡಿ ಇದೆಯಲ್ಲ, ಅದು ಕೂಡ ರೇಸಿಂದೇ ಬಂದಿದ್ದಂತೆ."

"ರೇಸಿನೋರಿಗೆ ಹಿಂದೆ ನೋಡೋ ಕೆಲಸ ಏನಿರುತ್ತೆ ಅಲ್ಲಾಬಕ್ಷ್ ಭಾಯ್?" ಎಂದು ನಾನು ಕೆಣಕಿದ್ದೆ.

"ಏನು ಬೆನ್ನು ಹತ್ತಿದೆ ಅಂತ ಗೊತ್ತಾಗ್ಬೇಕಲ್ಲ ಮೇಡಂ."

ಇವತ್ತು ರೇಸಿನಲ್ಲಿ ಕಂಡದ್ದು ಹತ್ತು ವರ್ಷಕ್ಕೆ ಶಿವಮೊಗ್ಗದ ಗಾಂಧಿ ಬಜಾರಿನ ಬೀದಿಗೆ ಬಂದೇ ಬರುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅವರು ಅದರ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸುತ್ತಿದ್ದರು. "ಅಲ್ಲಿ ಬೆಂಕಿಯಲ್ಲಿ ನಿಂತಿದ್ದು ಇಲ್ಲಿ ಸೋಲುತ್ತಾ?" ಆ ಹತ್ತು ವರ್ಷದಲ್ಲಿ ಕಂಪನಿಯವರು ಕೂತು ಏನು ಮಾಡುತ್ತಾರೆ, ರೇಸಿನ ವಸ್ತುವನ್ನು ನಮ್ಮಂಥವರ ಮಳೆಗೆ, ಧೂಳಿಗೆ, ಸೋಮಾರಿತನಕ್ಕೆ ಹೇಗೆ ಒಗ್ಗಿಸುತ್ತಾರೆ ಎಂದು ಅವರು ಯೋಚಿಸಲಿಲ್ಲ. ನಾನೂ ಯೋಚಿಸಲಿಲ್ಲ.

ರ‍್ಯಾಲಿ ತಂಡ ಮುಚ್ಚಿದಾಗ ಇಂಜಿನಿಯರ್ ಅವರಿಗೊಂದು ದೊಡ್ಡ ಕೆಂಪು ಡಬ್ಬಿ ಕೊಟ್ಟು ಹೋಗಿದ್ದ. ಹೊರದೇಶದಿಂದ ಬಂದ ರೇಸಿಂಗ್ ಬ್ರೇಕ್ ಎಣ್ಣೆ. ಡಿಸ್ಕ್ ಕೆಂಪಗೆ ಕಾದರೂ ಕುದಿಯದ ಎಣ್ಣೆ. ಅದನ್ನವರು ಗ್ಯಾರೇಜಿನ ಬೀರುವಿನಲ್ಲಿ, ಅತ್ತರಿನ ಬಾಟಲಿ ಮತ್ತು ಗ್ಯಾರೇಜಿನ ಕಾಗದಪತ್ರಗಳ ಪಕ್ಕದಲ್ಲಿ ಇಟ್ಟಿದ್ದರು. ಮೊದಲ ಸಲ ತೆಗೆದಾಗಲೇ ಮುಚ್ಚಳದ ತಿರುಪು ಸವೆದುಹೋಯಿತು. ಬಟ್ಟೆ ಸುತ್ತಿ ಒತ್ತಿ ಇಡುತ್ತಿದ್ದರು. ಹೀಗೆ ಏಳು ಮಳೆಗಾಲ ಆ ಡಬ್ಬಿ ಬೀರುವಿನಲ್ಲಿತ್ತು.

"ರೇಸಲ್ಲಿ ಪ್ರತಿ ಸಲ ಮುಗಿದ ಮೇಲೆ ಈ ಎಣ್ಣೆ ಪೂರ್ತಿ ಚೆಲ್ಲಿ ಹೊಸದು ಹಾಕ್ತಿದ್ರು ಮೇಡಂ," ಎಂದು ಅವರು ಒಮ್ಮೆ ಹೇಳಿದ್ದರು. "ಒಂದೇ ರೇಸಿಗೆ! ದುಡ್ಡಿದ್ದೋರ ಶೋಕಿ. ಇಂಥ ಎಣ್ಣೆ ನಮ್ಮ ಗಾಡಿಗೆ ಹಾಕಿದ್ರೆ ಜೀವಮಾನ ಬರುತ್ತೆ."

ನಾನು ತಲೆಯಾಡಿಸಿದೆ. ಒಳ್ಳೆಯ ಎಂಜಿನ್ ಎಣ್ಣೆ ಹೆಚ್ಚು ದಿನ ಬರುತ್ತದೆ, ಇದೂ ಎಣ್ಣೆ, ಇದೂ ಬರುತ್ತದೆ. ನಮ್ಮೂರಿನಲ್ಲಿ ಅದಕ್ಕೆ ಬ್ರೇಕ್ ಎಣ್ಣೆ ಅಥವಾ ಬ್ರೇಕ್ ಆಯಿಲ್ ಎಂದಲ್ಲದೆ ಬೇರೆ ಹೆಸರಿಲ್ಲ. ಎಣ್ಣೆ ಎಂದ ಮೇಲೆ ನೀರು ಅದರ ಹತ್ತಿರ ಸುಳಿಯುವುದಿಲ್ಲ ಎಂದು ಒಗ್ಗರಣೆ ಹಾಕುವ ಯಾರಿಗಾದರೂ ಗೊತ್ತು. ಗಾಳಿಯಲ್ಲಿನ ನೀರನ್ನು ಹೀರಿಕೊಳ್ಳುವ ವಸ್ತುಗಳ ಬಗ್ಗೆ ಪ್ರತಿ ಜುಲೈ ತಿಂಗಳಲ್ಲೂ ಪಾಠ ಮಾಡಿದವಳು ನಾನು. ಆ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಅದರ ಮೇಲೇನು ಬರೆದಿದೆ ಎಂದು ಒಮ್ಮೆ ಓದಿದ್ದರೆ ಸಾಕಿತ್ತು.

ಎರಡು ವರ್ಷದ ಹಿಂದೆ, ಆಗುಂಬೆ ಘಾಟಿಯ ಒಂಬತ್ತನೇ ತಿರುವಿನಲ್ಲಿ ಜಮ್ಶೀದನ ಟ್ಯಾಕ್ಸಿ ತಡೆಗೋಡೆಗೆ ಗುದ್ದಿತು. ಒಳಗೆ ಉಡುಪಿಗೆ ಹೊರಟ ಆರು ಜನರಿದ್ದರು. ಸುಭದ್ರಮ್ಮ ಎಂಬ ವಯಸ್ಸಾದ ಹೆಂಗಸು ಅಲ್ಲೇ ತೀರಿಕೊಂಡರು. ಜಮ್ಶೀದನ ಕಾಲು ತೆಗೆಯಬೇಕಾಯಿತು. ಆಸ್ಪತ್ರೆಯಲ್ಲಿ ಎಚ್ಚರವಾದ ಕೂಡಲೇ ಅವನು ಅಕ್ಕನ ಗಂಡನ ಕೈ ಹಿಡಿದು ಹೇಳಿದ ಮೊದಲ ಮಾತು ಇದು.

"ಭಾಯಿಜಾನ್, ಬ್ರೇಕೇ ಇರ್ಲಿಲ್ಲ. ಪೆಡಲ್ ಗಾಳಿ ತುಳಿದಂಗಿತ್ತು."

ಅಲ್ಲಾಬಕ್ಷ್ ಕೈ ಬಿಡಿಸಿಕೊಂಡರು. ಪೊಲೀಸರು ಮಾರನೇ ದಿನ ಟ್ಯಾಕ್ಸಿಯ ಬ್ರೇಕ್ ಒತ್ತಿ ನೋಡಿದ್ದರು. ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಎಲ್ಲೂ ಸೋರಿರಲಿಲ್ಲ. ಆ ಬ್ರೇಕ್ ಕೆಲಸ ಮಾಡಿದ್ದು ಯಾರು ಎಂದು ವಿಚಾರಿಸಿದಾಗ ಅಲ್ಲಾಬಕ್ಷ್ ಎದೆ ಮುಟ್ಟಿಕೊಂಡು ಹೇಳಿಕೆ ಕೊಟ್ಟರು. "ನಾನೇ ಕೈಯಾರೆ ಮಾಡಿದ್ದು. ರೇಸಿಂಗ್ ಎಣ್ಣೆ ಹಾಕಿದೀನಿ. ಆ ಬ್ರೇಕ್ ಫೇಲಾಗೋ ಮಾತೇ ಇಲ್ಲ. ಓಡಿಸ್ದೋನ ತಪ್ಪು." ಅವರ ಮಾತಿಗೆ ಎರಡೂರಿನಲ್ಲಿ ತೂಕವಿತ್ತು. ಅಜಾಗರೂಕತೆಯ ಚಾಲನೆ ಎಂದು ಜಮ್ಶೀದನ ಮೇಲೆ ಕೇಸು ದಾಖಲಾಯಿತು. ಆಸ್ಪತ್ರೆಯಲ್ಲೇ, ಎಲ್ಲರೆದುರು, ಅವರು ಭಾವಮೈದುನನನ್ನು ಸುಳ್ಳ ಎಂದರು.

ಅಂದಿನಿಂದ ಅವರ ಹೆಂಡತಿ ಹಫೀಜಾ ಮನೆಯಲ್ಲಿ ತಮ್ಮನ ಹೆಸರೆತ್ತಲಿಲ್ಲ. ಜಮ್ಶೀದ್ ಗಾಂಧಿ ಬಜಾರಿನ ಸಂಬಂಧಿಕರ ಬಟ್ಟೆ ಅಂಗಡಿಯಲ್ಲಿ ಕೂತು ಬಟ್ಟೆ ಅಳೆದು ಕತ್ತರಿಸುವ ಕೆಲಸಕ್ಕೆ ಸೇರಿದ. ಇರಂ ಮಾತ್ರ ಅಪ್ಪನಿಗೆ ಹೇಳದೆ ಮಾಮುವನ್ನು ನೋಡಲು ಹೋಗುತ್ತಿದ್ದಳು. ಅವಳು ನನ್ನ ಹಳೆಯ ವಿದ್ಯಾರ್ಥಿನಿಯಾದ್ದರಿಂದ ಈ ಗುಟ್ಟು ನನ್ನ ಹೊಟ್ಟೆಯಲ್ಲಿತ್ತು.

ಮುಂದಿನ ವರ್ಷ ಇರಂ ಒಂದು ಬಿಳಿ ಕಾರು ಕೊಂಡಳು. ಅಲ್ಲಾಬಕ್ಷ್ ಅದೇ ವಾರ ಕಂಪನಿಯವರು ಹಾಕಿದ್ದ ಬ್ರೇಕ್ ಎಣ್ಣೆಯನ್ನೆಲ್ಲ ಇಳಿಸಿ ಚೆಲ್ಲಿದರು. ಕೆಂಪು ಡಬ್ಬಿ ಹೊರಗೆ ಬಂತು. ನಾನು ಅಲ್ಲೇ ಇದ್ದೆ.

"ನಮ್ಮ ಮನೇಲಿ ಇನ್ನೊಂದು ಆಕ್ಸಿಡೆಂಟ್ ಆಗ್ಬಾರ್ದು ಮೇಡಂ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ಡಬ್ಬಿಯ ಬಾಯಿಗೆ ಮತ್ತೆ ಬಟ್ಟೆ ಸುತ್ತಿ, ಮುಚ್ಚಳ ಒತ್ತಿ, ಬೀರುವಿನಲ್ಲಿಟ್ಟರು.

ಈ ಸೆಪ್ಟೆಂಬರಿನ ಒಂದು ಸೋಮವಾರ ಬೆಳಿಗ್ಗೆ ಏಳೂವರೆಗೆ, ಇರಂ ತಾಯಿಯನ್ನು ಕೂರಿಸಿಕೊಂಡು ಉಡುಪಿ ಕಡೆಯ ಕಣ್ಣಿನ ಆಸ್ಪತ್ರೆಗೆ ಹೊರಟಳು. ತೀರ್ಥಹಳ್ಳಿ, ಆಗುಂಬೆ, ಘಾಟಿ ಇಳಿದು ಕೆಳಗೆ. ಆ ಕಾರಿನಲ್ಲಿ ಅವಳು ಘಾಟಿ ಇಳಿಯುವುದು ಅದೇ ಮೊದಲು.

ನಾನು ಒಂಬತ್ತೂವರೆಗೆ ಗ್ಯಾರೇಜಿಗೆ ಹೋದೆ, ಹಾರ್ನ್ ಕೆಟ್ಟಿತ್ತು. ಆಗಲೇ ಗಣೇಶ್ ಬಂದಿದ್ದ. ಭದ್ರಾವತಿಯವನು, ಗ್ಯಾರೇಜುಗಳಿಗೆ ಬಿಡಿಭಾಗ ತಲುಪಿಸುವವನು, ಬಾಯಿಗೆ ಬೀಗವಿಲ್ಲದವನು. ಅಂದು ಅವನ ಕೈಯಲ್ಲಿ ಪೆನ್ನಿನಂಥದ್ದೊಂದು ಇತ್ತು. ತುದಿಯಲ್ಲಿ ಎರಡು ಮುಳ್ಳು, ಮೇಲೆ ಪುಟ್ಟ ಪುಟ್ಟ ದೀಪ.

"ಅಲ್ಲಾಬಕ್ಷಣ್ಣ, ಹೊಸಾದು. ಬ್ರೇಕ್ ಆಯಿಲಲ್ಲಿ ಅದ್ದಿದ್ರೆ ನೀರೆಷ್ಟು ಸೇರಿದೆ ಅಂತ ಹೇಳುತ್ತೆ. ಹಸಿರು ಬಂದ್ರೆ ಒಳ್ಳೇದು, ಕೆಂಪು ಬಂದ್ರೆ ಚೆಲ್ಲು."

"ಎಣ್ಣೆಗೆ ನೀರು ಎಲ್ಲಿಂದ ಸೇರುತ್ತೋ ಮಾರಾಯ?" ಎಂದು ಅಲ್ಲಾಬಕ್ಷ್ ನಕ್ಕರು. "ತಾ ಇಲ್ಲಿ, ಮೇಡಂ ಗಾಡೀಲಿ ನೋಡೋಣ. ರೇಸಿಂದು ಹಾಕಿದೀನಿ. ನಿನ್ನ ಪೆನ್ನು ಹಸಿರಲ್ಲದೆ ಏನು ತೋರಿಸುತ್ತೆ?"

ಬಾನೆಟ್ ಎತ್ತಿ ಅದ್ದಿದರು. ಕೆಂಪು ದೀಪ ಹತ್ತಿತು. ಪೆನ್ನು ಹಾಳಾಗಿದೆ ಎಂದರು. ಗಣೇಶ್ ತನ್ನ ಚೀಲದಿಂದ ಸಾಧಾರಣ ಬ್ರೇಕ್ ಎಣ್ಣೆಯ ಹೊಸ ಬಾಟಲಿಯ ಸೀಲು ಒಡೆದು ಅದ್ದಿ ತೋರಿಸಿದ. ಹಸಿರು. ಅಲ್ಲಾಬಕ್ಷ್ ಒಳಗೆ ಹೋಗಿ ಕೆಂಪು ಡಬ್ಬಿ ತಂದರು. ಅದರಲ್ಲಿ ಉಳಿದದ್ದನ್ನು ಸ್ವಲ್ಪ ಲೋಟಕ್ಕೆ ಸುರಿದು ಅದ್ದಿದರು. ಎಲ್ಲ ದೀಪಗಳೂ ಒಟ್ಟಿಗೆ ಹತ್ತಿ, ಕೊನೆಗೆ ಕೆಂಪು ನಿಂತಿತು.

"ಬ್ರೇಕ್ ಆಯಿಲ್ ಗಾಳೀಲಿರೋ ನೀರು ಕುಡಿಯುತ್ತಣ್ಣ," ಎಂದ ಗಣೇಶ್, ಪಾಪ, ಬಹಳ ಮೆತ್ತಗೆ. "ರೇಸಿಂದು ಇನ್ನೂ ಜಾಸ್ತಿ ಕುಡಿಯುತ್ತಂತೆ. ಅದಕ್ಕೇ ಅವ್ರು ರೇಸಿಗೊಂದ್ಸಲ ಚೆಲ್ಲೋದು."

ಅಲ್ಲಾಬಕ್ಷ್ ನನ್ನ ಕಡೆ ತಿರುಗಿದರು. "ಮೇಡಂ, ಎಣ್ಣೆ ಎಲ್ಲಾದ್ರೂ ನೀರು ಕುಡಿಯುತ್ತಾ?"

ನಾನು ಡಬ್ಬಿ ತೆಗೆದುಕೊಂಡೆ. ಏಳು ವರ್ಷ ನನ್ನ ಕಣ್ಣೆದುರೇ ಇದ್ದ ಸಣ್ಣ ಅಕ್ಷರಗಳನ್ನು ಕನ್ನಡಕ ಏರಿಸಿ ಓದಿದೆ. ಗ್ಲೈಕಾಲ್ ಎಂದಿತ್ತು. ಜುಲೈ ಪಾಠದಲ್ಲಿ ನಾನೇ ಹೇಳಿಕೊಡುತ್ತಿದ್ದ, ಗಾಳಿಯ ನೀರು ಹೀರುವ ವಸ್ತು.

"ಇದು ಎಣ್ಣೆಯೇ ಅಲ್ಲ ಭಾಯ್," ಎಂದೆ. "ಹೆಸರು ಮಾತ್ರ ಎಣ್ಣೆ."

ಅಲ್ಲಾಬಕ್ಷ್ ಗಡಿಯಾರ ನೋಡಿದರು. ಹತ್ತಕ್ಕೆ ಐದು ನಿಮಿಷವಿತ್ತು. ಇರಂಗೆ ಫೋನ್ ಮಾಡಿದರು, ಹೋಗಲಿಲ್ಲ. ಹಫೀಜಾಗೆ ಮಾಡಿದರು, ಅದೂ ಹೋಗಲಿಲ್ಲ. ಮತ್ತೆ ಮತ್ತೆ ಒತ್ತಿದರು. ಆಗುಂಬೆ ಹತ್ತಿರ ಬಂದರೆ ಸಿಗ್ನಲ್ ಇರುವುದಿಲ್ಲವೆಂದು ಮೂವರಿಗೂ ಗೊತ್ತಿತ್ತು.

"ನಿಮ್ಮ ಗಾಡಿ ಕೀ ಕೊಡಿ ಮೇಡಂ, ಹೋಗ್ತೀನಿ," ಎಂದು ಕೈ ಚಾಚಿದವರು ಹಾಗೇ ನಿಂತುಬಿಟ್ಟರು. ನನ್ನ ಕಾರಿನಲ್ಲಿದ್ದದ್ದೂ ಅದೇ ಎಣ್ಣೆ.

ಶಿಷ್ಯರೆಂದರೆ ನನಗೆ ಊರೂರಲ್ಲಿ ಇದ್ದಾರೆ. ಆಗುಂಬೆಯ ಚೆಕ್‌ಪೋಸ್ಟಿನಲ್ಲಿ ಪುನೀತ್ ಎಂಬವನಿದ್ದ, ಕೆಮಿಸ್ಟ್ರಿಯಲ್ಲಿ ಎರಡು ಸಲ ಡುಮ್ಕಿ ಹೊಡೆದವನು. ಅಲ್ಲಿ ಲ್ಯಾಂಡ್‌ಲೈನ್ ಇತ್ತು. ಅವನೇ ಎತ್ತಿದ.

"ಪುನೀತ್, ಬಿಳಿ ಕಾರು, ಹುಡುಗಿ ಓಡಿಸ್ತಿದ್ದಾಳೆ, ಪಕ್ಕದಲ್ಲಿ ಅವರಮ್ಮ. ನಿಲ್ಲಿಸು. ಘಾಟಿ ಇಳಿಯೋಕೆ ಬಿಡ್ಬೇಡ."

"ಅಯ್ಯೋ ಮೇಡಂ, ಅದು ಹೋಗಿ ಹತ್ತು ನಿಮಿಷ ಆಯ್ತಲ್ಲ."

ಅಲ್ಲಾಬಕ್ಷ್‌ಗೆ ಆ ಮಾತು ಕೇಳಿಸಿತ್ತು. ಬೈಕ್ ತೆಗೆದುಕೊಂಡು ಹಿಂದೆಯೇ ಹೋಗು ಎಂದು ಪುನೀತನಿಗೆ ಹೇಳಿ ಫೋನ್ ಇಟ್ಟೆ.

ಆಮೇಲಿನ ಮುಕ್ಕಾಲು ಗಂಟೆಯನ್ನು ನಾನು ಸಾಯುವತನಕ ಮರೆಯಲಾರೆ. ಪಕ್ಕದ ಶೆಡ್ಡಿನಲ್ಲಿ ಯಾರೋ ತಗಡು ಬಡಿಯುತ್ತಿದ್ದರು. ಹೆದ್ದಾರಿಯಲ್ಲಿ ಲಾರಿಗಳು ಬ್ರೇಕ್ ಹಾಕುವ ಸದ್ದು ಬಂದಾಗಲೆಲ್ಲ ಅಲ್ಲಾಬಕ್ಷ್ ತಲೆ ಎತ್ತುತ್ತಿದ್ದರು. ಇದ್ದಕ್ಕಿದ್ದಂತೆ ಎದ್ದು ನನ್ನ ಕಾರಿನಲ್ಲಿ ಕೂತು ಬ್ರೇಕ್ ಒತ್ತಿದರು. ಮತ್ತೆ ಒತ್ತಿದರು.

"ಗಟ್ಟಿಯಾಗೇ ಇದೆಯಲ್ಲ ಮೇಡಂ! ನೋಡಿ, ಗಟ್ಟಿಯಾಗೇ ಇದೆ."

ಸುಮ್ಮನಿರಬಹುದಿತ್ತು. ಆದರೆ ಮೂವತ್ತೊಂದು ವರ್ಷದ ಚಾಳಿ, ಕೇಳಿದ್ದಕ್ಕೆ ಉತ್ತರ ಹೇಳದೆ ಇರಲು ನನ್ನಿಂದಾಗುವುದಿಲ್ಲ.

"ತಣ್ಣಗಿದ್ದಾಗ ಗಟ್ಟಿಯಾಗೇ ಇರುತ್ತೆ ಭಾಯ್. ಇಳಿಜಾರಲ್ಲಿ ಒತ್ತಿ ಒತ್ತಿ ಕಾದಾಗ ಒಳಗಿರೋ ನೀರು ಕುದಿಯುತ್ತೆ, ಆವಿ ಆಗುತ್ತೆ. ಆವಿ ತುಳಿದ್ರೆ ಕುಗ್ಗುತ್ತೆ ಅಷ್ಟೆ, ಬ್ರೇಕ್ ಹಿಡಿಯಲ್ಲ. ಆರಿದ ಮೇಲೆ ಆವಿ ಮತ್ತೆ ನೀರಾಗಿ ಪೆಡಲ್ ಗಟ್ಟಿ ಆಗುತ್ತೆ."

ಅವರ ಕಾಲು ಪೆಡಲಿನ ಮೇಲೆಯೇ ಇತ್ತು.

"ಪೊಲೀಸ್ರು ಜಮ್ಶೀದನ ಗಾಡಿ ಒತ್ತಿ ನೋಡಿದ್ದು ಮಾರನೇ ದಿನ," ಎಂದರು. ಕಾರಿನಿಂದ ಇಳಿದು, "ಗಾಳಿ ತುಳಿದಂಗಿತ್ತು ಅಂದಿದ್ದ ಮೇಡಂ. ನಾನು ಸುಳ್ಳ ಅಂದೆ," ಎಂದರು.

ಹತ್ತು ಮುಕ್ಕಾಲು ದಾಟಿದ ಮೇಲೆ ನನ್ನ ಫೋನ್ ಹೊಡೆದುಕೊಂಡಿತು. ಆಗುಂಬೆಯ ನಂಬರು. ಎತ್ತಲು ನನಗೂ ಧೈರ್ಯ ಬರಲಿಲ್ಲ. ಗಣೇಶನೇ ಎತ್ತಿ ಸ್ಪೀಕರಿಗೆ ಹಾಕಿದ. ಇರಂ ಅಳುತ್ತಿದ್ದಳು.

"ಅಬ್ಬಾ, ನಾವಿಬ್ರೂ ಚೆನ್ನಾಗಿದೀವಿ. ಏಳನೇ ತಿರುವಲ್ಲಿ ಬ್ರೇಕ್ ಹೋಯ್ತು. ಒತ್ತಿದ್ರೆ ಏನೂ ಇಲ್ಲ ಅಬ್ಬಾ, ಗಾಳಿ ತುಳಿದಂಗೆ. ಮಾಮು ಹೇಳ್ಕೊಟ್ಟಿದ್ರು. ಪೆಡಲ್ ಮೆತ್ತಗಾಯ್ತು ಅಂದ್ರೆ ಯೋಚ್ನೆ ಮಾಡ್ಬೇಡ, ಗೇರ್ ಇಳಿಸು, ಹ್ಯಾಂಡ್‌ಬ್ರೇಕ್ ನಿಧಾನಕ್ಕೆ ಎಳಿ, ಕಣಿವೆ ಕಡೆ ನೋಡ್ಲೇಬೇಡ, ಗುಡ್ಡದ ಕಡೆ ಚರಂಡಿಗೆ ಇಳಿಸಿಬಿಡು ಅಂತ. ಹಂಗೇ ಮಾಡ್ದೆ. ಮುಂದಿನ ಚಕ್ರ ಚರಂಡೀಲಿದೆ. ಪುನೀತಣ್ಣ ಬಂದು ಬಸ್ ಹತ್ತಿಸಿ ವಾಪಸ್ ಮೇಲೆ ಕರ್ಕೊಂಡು ಬಂದ್ರು."

ಆ ಕಡೆ ಫೋನು ಕೈ ಬದಲಾಯಿಸಿತು. ಹಫೀಜಾ ಮಾತಾಡಿದರು. ದನಿ ಗಡುಸಾಗಿತ್ತು.

"ಕೇಳಿಸ್ತಾ? ನನ್ನ ತಮ್ಮ ಸುಳ್ಳ ಅಲ್ಲ." ಅಷ್ಟು ಹೇಳಿ ಇಟ್ಟರು.

ಗಾಂಧಿ ಬಜಾರಿಗೆ ಅವರ ಜೊತೆ ನಾನೂ ಹೋದೆ, ಆಟೋದಲ್ಲಿ. ತೊಡೆಯ ಮೇಲೆ ಕೆಂಪು ಡಬ್ಬಿ ಇಟ್ಟುಕೊಂಡಿದ್ದರು. ಜಮ್ಶೀದ್ ಅಂಗಡಿಯ ಒಳಗೆ ಎತ್ತರದ ಸ್ಟೂಲಿನ ಮೇಲೆ ಕೂತು ಲಂಗದ ಬಟ್ಟೆ ಕತ್ತರಿಸುತ್ತಿದ್ದ. ಅವರನ್ನು ನೋಡಿಯೂ ಕತ್ತರಿ ನಿಲ್ಲಿಸಲಿಲ್ಲ.

ಅಲ್ಲಾಬಕ್ಷ್ ನಿಂತೇ ಎಲ್ಲವನ್ನೂ ಹೇಳಿದರು. ತಡವರಿಸಿದರು, ಮತ್ತೆ ಮೊದಲಿನಿಂದ ಹೇಳಿದರು. ಗಿರಾಕಿಗಳಿಬ್ಬರು ಬಟ್ಟೆ ಬಿಟ್ಟು ಇವರನ್ನೇ ನೋಡತೊಡಗಿದರು. ಇರಂಳ ಹೆಸರು ಬಂದಾಗ ಮಾತ್ರ ಕತ್ತರಿ ನಿಂತಿತು.

"ಗುಡ್ಡದ ಕಡೆ ಇಳಿಸಿದ್ಲಾ?" ಎಂದು ಜಮ್ಶೀದ್ ಕೇಳಿದ.

"ಇಳಿಸಿದ್ಲು."

"ಪೆಡಲ್ ಹೆಂಗಿತ್ತಂತೆ?"

"ಗಾಳಿ ತುಳಿದಂಗೆ," ಎಂದರು. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, "ನಂದೇ ತಪ್ಪು ಜಮ್ಶೀದ್. ಇದನ್ನ ಇವತ್ತೇ ಮೋರಿಗೆ ಸುರೀತೀನಿ," ಎಂದರು.

"ಸುರಿಯೋದ್ ಬೇಡ ಭಾಯಿಜಾನ್. ಕೋರ್ಟಿಗೆ ಬೇಕಾಗುತ್ತೆ." ಜಮ್ಶೀದನ ದನಿ ಏರಲಿಲ್ಲ. "ಸುಭದ್ರಮ್ಮನ ಮಗ ಗೋವಿಂದ ಅಂತ ಇದಾರೆ. ಪ್ರತಿ ತಾರೀಕಿಗೂ ಬಂದು ಮುಂದಿನ ಬೆಂಚಲ್ಲಿ ಕೂರ್ತಾರೆ. ಬೈಯಲ್ಲ, ಏನೂ ಇಲ್ಲ. ಸುಮ್ನೆ ನನ್ನ ಮುಖ ನೋಡ್ತಾ ಇರ್ತಾರೆ. ಅವರಮ್ಮನ ಕೊಂದೋನು ಇವ್ನೇ ಅಂತ. ಎರಡು ವರ್ಷ ನಾನು ಅವರೆದುರು ನಿಂತೆ. ಇನ್ಮೇಲೆ ನೀವು ನಿಲ್ಲಿ."

ಅಲ್ಲಾಬಕ್ಷ್ ತಲೆ ತಗ್ಗಿಸಿದರು. ಅಂಗಡಿಯ ಹೊರಗೆ ತಳ್ಳುಗಾಡಿಯವನೊಬ್ಬ ದಾರಿ ಬಿಡಿ ಎಂದು ಕೂಗುತ್ತಿದ್ದ.

"ಮುಂದಿನ ತಾರೀಕು ಯಾವತ್ತು?" ಎಂದು ಕೇಳಿದರು.

"ಇಪ್ಪತ್ತಾರು. ತೀರ್ಥಹಳ್ಳೀಲಿ."

"ಬರ್ತೀನಿ."

ಜಮ್ಶೀದ್ ಮತ್ತೆ ಕತ್ತರಿ ಎತ್ತಿಕೊಂಡ. ಕೂತುಕೊಳ್ಳಿ ಎನ್ನಲಿಲ್ಲ. ಅಲ್ಲಾಬಕ್ಷ್ ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಮೆಟ್ಟಿಲು ಇಳಿದರು. ಇಪ್ಪತ್ತಾರರಂದು ನಾನೂ ಹೋಗುತ್ತಿದ್ದೇನೆ. ಅದು ಎಣ್ಣೆಯಲ್ಲ ಎಂದು ನ್ಯಾಯಾಧೀಶರಿಗೆ ಬಿಡಿಸಿ ಹೇಳಬೇಕು. ಏಳು ವರ್ಷ ಅದನ್ನು ಓದದೆ ಇದ್ದವಳು ನಾನು ಎಂದು ಗೋವಿಂದನಿಗೂ ಹೇಳಬೇಕು.